ಶಿಕ್ಷೆ ಯಾವುದಕ್ಕೆ: ಕೃತ್ಯಕ್ಕೋ, ಚಟಕ್ಕೋ?



ಕುಡಿದ ಅಮಲಿನಲ್ಲಿ ಒಬ್ಬಾತ ನೆರೆಮನೆಯವನ ತಲೆ ಒಡೆದನೆನ್ನೋಣ. ನ್ಯಾಯ ಕೇಳುವಾಗ ಅವನು, ‘ಸ್ವಾಮಿ, ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ’ ಎನ್ನುತ್ತಾನೆ. ಈ ಮಾತು ಕೇಳಿ ಶಿಕ್ಷೆಯನ್ನು ಇಳಿಸಬೇಕೆ, ಏರಿಸಬೇಕೆ?

ಗ್ರೀಕರ ಏಳು ಮಂದಿ ಜ್ಞಾನಿಗಳಲ್ಲಿ ಒಬ್ಬನಾದ ಪಿಟ್ಟಾಕಸನು ಏರಿಸಬೇಕೆಂದ. ಕುಡಿದು ಅಪರಾಧ ಮಾಡಿದವನಿಗೆ ಎರಡು ಪಟ್ಟು ದಂಡವೆಂದು ಅವನು ಕಾನೂನು ಮಾಡಿದನಂತೆ. ಇಂಥ ಕಾನೂನಿನ ಹಿಂದಿರುವ ತರ್ಕವನ್ನು ಅರಿಸ್ಟಾಟಲ್ ಬಿಡಿಸಿ ಹೇಳಿದ್ದಾನೆ. ಎಸೆದ ಕಲ್ಲನ್ನು ಹಿಂದಕ್ಕೆ ಕರೆಯಲಾಗದು, ನಿಜ. ಆದರೆ ಎಸೆಯುವುದೂ ಬಿಡುವುದೂ ಮೊದಲು ನಮ್ಮ ಕೈಯಲ್ಲೇ ಇತ್ತಲ್ಲವೆ? ಪ್ರಜ್ಞೆ ತಪ್ಪಿದ್ದು ಸರಿ, ತಪ್ಪಿಸಿಕೊಂಡವನು ಯಾರು ಎಂಬುದು ಅವನ ಪ್ರಶ್ನೆ.

ಈ ತರ್ಕ ಗಟ್ಟಿಯಾದದ್ದೇ. ಆದರೆ ಚಟದ ವಿಷಯಕ್ಕೆ ಬಂದಾಗ ಅದು ಪೂರ್ತಿ ಸಾಲದು. ಹದಿನೈದು ಹದಿನಾರರ ವಯಸ್ಸಿನಲ್ಲಿ ಗೆಳೆಯರ ಒತ್ತಾಯಕ್ಕೆ ಮೊದಲ ಬಾರಿ ಸೇದಿದ ಹುಡುಗ, ತಾನು ಎಂಥ ಕಲ್ಲನ್ನು ಎಸೆಯುತ್ತಿದ್ದೇನೆಂದು ಬಲ್ಲನೆ? ಚಟ ಬಲಿತ ಮೇಲೆ ಮಿದುಳಿನ ಕೆಲಸವೇ ಬದಲಾಗುತ್ತದೆ. ವಸ್ತು ಸಿಗದಿದ್ದರೆ ದೇಹ ನಡುಗುತ್ತದೆ, ನಿದ್ದೆ ಹಾರುತ್ತದೆ. ಆಗ ‘ಬೇಡ’ ಎನ್ನುವ ಶಕ್ತಿ ಸಾಯುವುದಿಲ್ಲ, ಆದರೆ ಬಹಳ ಸೊರಗುತ್ತದೆ.

ಈ ಪ್ರಶ್ನೆ 1962ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮಾದಕ ವಸ್ತುವಿನ ವ್ಯಸನಿಯಾಗಿರುವುದೇ ಅಪರಾಧವಾಗಿತ್ತು. ಕನಿಷ್ಠ 90 ದಿನಗಳ ಸೆರೆವಾಸ. ಲಾಸ್ ಏಂಜಲಿಸಿನಲ್ಲಿ ಪೊಲೀಸರು ರಾಬಿನ್ಸನ್ ಎಂಬಾತನ ತೋಳುಗಳ ಮೇಲೆ ಸೂಜಿಯ ಗುರುತುಗಳನ್ನು ಕಂಡು ಬಂಧಿಸಿದ್ದರು. ಆ ಹೊತ್ತಿನಲ್ಲಿ ಅವನು ಅಮಲಿನಲ್ಲಿ ಇದ್ದಿರಲಿಲ್ಲ. ವ್ಯಸನವು ರೋಗದಂಥ ಒಂದು ಸ್ಥಿತಿ, ಸ್ಥಿತಿಗಾಗಿ ಶಿಕ್ಷಿಸುವುದು ಕ್ರೌರ್ಯ ಎಂದು ನ್ಯಾಯಾಲಯ 6–2 ಮತಗಳಿಂದ ತೀರ್ಪಿತ್ತಿತು. ನೆಗಡಿ ಬಂದ ‘ಅಪರಾಧ’ಕ್ಕೆ ಒಂದು ದಿನ ಸೆರೆಯಲ್ಲಿಟ್ಟರೂ ಅದು ಕ್ರೂರವೇ ಎಂಬ ಹೋಲಿಕೆಯನ್ನೂ ಕೊಟ್ಟಿತು. ಆದರೆ ನ್ಯಾಯ ಗೆದ್ದದ್ದನ್ನು ಕೇಳಲು ರಾಬಿನ್ಸನ್ ಇರಲಿಲ್ಲ. 1961ರ ಆಗಸ್ಟ್‌ನಲ್ಲೇ ಅವನು ಸತ್ತಿದ್ದ. ತೀರ್ಪು ನೀಡುವಾಗ ನ್ಯಾಯಾಧೀಶರಿಗೂ ಅದು ತಿಳಿದಿರಲಿಲ್ಲ.

ಹಾಗಾದರೆ ವ್ಯಸನಿ ಮಾಡಿದ್ದೆಲ್ಲವೂ ಕ್ಷಮ್ಯವೆ? ಅಲ್ಲ. 1968ರಲ್ಲಿ ಪೊವೆಲ್ ಎಂಬ ಮದ್ಯವ್ಯಸನಿ, ಕುಡಿದು ಬೀದಿಯಲ್ಲಿ ಕಾಣಿಸಿಕೊಂಡದ್ದಕ್ಕೆ ಬಿದ್ದ ದಂಡವನ್ನು ಪ್ರಶ್ನಿಸಿದಾಗ, ಅದೇ ನ್ಯಾಯಾಲಯ 5–4 ಮತಗಳಿಂದ ದಂಡವನ್ನು ಎತ್ತಿಹಿಡಿಯಿತು. ವ್ಯಸನಿಯಾಗಿರುವುದು ಬೇರೆ, ಬೀದಿಯಲ್ಲಿ ಹೋಗಿ ನಿಲ್ಲುವುದು ಬೇರೆ ಎಂಬುದು ಬಹುಮತದ ನಿಲುವು. ಒಂದೇ ಮತದ ಅಂತರವನ್ನು ಗಮನಿಸಿ! ಗೆರೆ ಎಳೆಯುವುದು ಅಷ್ಟು ಕಷ್ಟ.

ನಮ್ಮ ದೇಶದ ಕಾನೂನು ಏನೆನ್ನುತ್ತದೆ? 1985ರ ಮಾದಕ ವಸ್ತುಗಳ ಅಧಿನಿಯಮದ 27ನೆಯ ಕಲಮು ಸೇವನೆಯನ್ನು ಅಪರಾಧವೆನ್ನುತ್ತದೆ. ಅದೇ ಅಧಿನಿಯಮದ 64ಎ ಕಲಮು ಇನ್ನೊಂದು ಬಾಗಿಲನ್ನು ತೆರೆದಿಟ್ಟಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರದ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ. ಚಿಕಿತ್ಸೆಯನ್ನು ಪೂರ್ತಿ ಮಾಡದಿದ್ದರೆ ಆ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬಹುದು. ಪೋರ್ಚುಗಲ್ ದೇಶ 2001ರಲ್ಲಿ ಇನ್ನೂ ಮುಂದೆ ಹೋಯಿತು. ಸ್ವಂತ ಬಳಕೆಗೆ ಹತ್ತು ದಿನಕ್ಕೆ ಮೀರದಷ್ಟು ಇಟ್ಟುಕೊಂಡವನನ್ನು ಅಲ್ಲಿ ಕ್ರಿಮಿನಲ್ ನ್ಯಾಯಾಲಯಕ್ಕಲ್ಲ, ಮೂವರು ಸದಸ್ಯರ ಮಂಡಳಿಯೊಂದಕ್ಕೆ ಕಳಿಸುತ್ತಾರೆ. ಮಾರುವವನಿಗೆ ಮಾತ್ರ ಸೆರೆಮನೆ ತಪ್ಪಿದ್ದಲ್ಲ.

ಶಿಕ್ಷೆ ಏಕೆ ಎಂಬುದಕ್ಕೆ ತತ್ತ್ವಜ್ಞಾನಿಗಳು ಎರಡು ಮುಖ್ಯ ಉತ್ತರ ಕೊಟ್ಟಿದ್ದಾರೆ. ಮಾಡಿದ್ದಕ್ಕೆ ತಕ್ಕದ್ದನ್ನು ಉಣ್ಣಲಿ ಎಂದ ಕಾಂಟ್. ಮುಂದೆ ಕೇಡು ತಪ್ಪಲಿ ಎಂದ ಬೆಂಥಮ್. ಚಟವನ್ನೇ ಶಿಕ್ಷಿಸುವುದು ಈ ಎರಡಕ್ಕೂ ಹೊಂದುವುದಿಲ್ಲ. ಸ್ಥಿತಿಯೊಂದು ಕೃತ್ಯವಲ್ಲವಾದ್ದರಿಂದ ಅದಕ್ಕೆ ‘ತಕ್ಕದ್ದು’ ಎಂಬುದಿಲ್ಲ. ಇನ್ನು, ನಾಳೆಯ ನಡುಕಕ್ಕೆ ಇಂದೇ ಹೆದರಿದವನನ್ನು ದೂರದ ಸೆರೆಮನೆಯ ಭಯ ಅಷ್ಟಾಗಿ ತಡೆಯಲಾರದು. ವೈದ್ಯರ ಬಳಿ ಹೋಗದಂತೆ ಮಾತ್ರ ತಡೆದೀತು.

ಆದರೆ ತಲೆ ಒಡೆಸಿಕೊಂಡ ನೆರೆಯವನನ್ನೂ ಮರೆಯಬಾರದು. ಅವನ ಗಾಯಕ್ಕೆ ಉತ್ತರ ಹೇಳಲೇಬೇಕು. ವ್ಯಸನಿಯನ್ನು ‘ಪಾಪ, ಅವನ ಕೈಯಲ್ಲಿ ಏನಿದೆ’ ಎಂದು ಸುಮ್ಮನೆ ಬಿಟ್ಟುಬಿಟ್ಟರೆ, ಅವನನ್ನು ಮನುಷ್ಯನೆಂದು ಎಣಿಸಿದಂತಾಗುವುದಿಲ್ಲ. ಕೃತ್ಯಕ್ಕೆ ಹೊಣೆ, ಚಟಕ್ಕೆ ಚಿಕಿತ್ಸೆ: ಎರಡನ್ನೂ ಕೊಡುವುದೇ ನ್ಯಾಯವೆಂದು ನನಗೆ ತೋರುತ್ತದೆ. 64ಎ ಕಲಮು ‘ತಾನಾಗಿ ಬಂದರೆ’ ಎನ್ನುವಾಗ, ಆ ಸೊರಗಿದ ಶಕ್ತಿಯಲ್ಲಿ ಇನ್ನೂ ನಂಬಿಕೆ ಇಟ್ಟಂತೆಯೇ.

ನಿಮ್ಮ ಹಾಸ್ಟೆಲಿನಲ್ಲೋ ತರಗತಿಯಲ್ಲೋ ಇಂಥ ಗೆಳೆಯನೊಬ್ಬ ಇದ್ದರೆ, ಅವನು ಮುಚ್ಚಿಡುತ್ತಿರುವುದು ಬಹುಶಃ ಭಯದಿಂದ, ನಾಚಿಕೆಯಿಂದ. ಅವನ ತಪ್ಪನ್ನು ತಪ್ಪಲ್ಲವೆನ್ನಬೇಡಿ. ಅವನ ಜೊತೆಗೆ ಆಸ್ಪತ್ರೆಯ ಬಾಗಿಲವರೆಗೆ ನಡೆಯಿರಿ. ಎಸೆದ ಕಲ್ಲು ಹಿಂದಕ್ಕೆ ಬಾರದು. ಎಸೆದ ಕೈಯನ್ನು ಹಿಡಿದುಕೊಳ್ಳಬಹುದು.