ಕಲ್ಲು ತರುವ ಮುನ್ನ

ನಮ್ಮ ಮೆಣಸೆಯ ಕಡೆ ಅಡಿಕೆ ತೋಟದ ಮಣ್ಣನ್ನು ಪರೀಕ್ಷೆಗೆ ಕಳಿಸುವವರು ಹಲವು ಕಡೆ ಅಗೆದು, ಎಲ್ಲವನ್ನೂ ಬೆರೆಸಿ ಒಂದು ಚೀಲಕ್ಕೆ ತುಂಬುತ್ತಾರೆ. ತೋಟದ ಒಟ್ಟು ಗುಣ ತಿಳಿದರಾಯಿತು. ಚಂದ್ರನಿಂದಲೋ ಬೇರೆ ಗ್ರಹದಿಂದಲೋ ಕಲ್ಲು ತರುವಾಗ ಹಾಗೆ ಬೆರೆಸುವಂತಿಲ್ಲ. ಯಾವ ಕಲ್ಲು ಯಾವ ಪದರದ್ದು ಎಂದು ಗೊತ್ತಿಲ್ಲದಿದ್ದರೆ ತಂದೂ ಅರ್ಧ ವ್ಯರ್ಥ.

ಮನುಷ್ಯರಿಲ್ಲದ ಯಾನಗಳಲ್ಲಿ ಈ ಎಚ್ಚರ ನಿಧಾನವಾಗಿ ಬೆಳೆಯಿತು. 1970ರಲ್ಲಿ ಸೋವಿಯತ್ ಒಕ್ಕೂಟದ ಲೂನಾ-16 ಚಂದ್ರನಿಂದ 101 ಗ್ರಾಂ ಮಣ್ಣು ತಂದಿತು. ಇಳಿದಲ್ಲೇ ಕೊರೆಯಬೇಕಿತ್ತು, ಆಯ್ಕೆಗೆ ಎಡೆಯಿರಲಿಲ್ಲ. ಅದೇ ವರ್ಷ ಲೂನೊಖೋಡ್-1 ರೋವರ್ ಚಂದ್ರನ ಮೇಲೆ ಓಡಾಡಿತು, ಆದರೆ ಕಲ್ಲು-ಮಣ್ಣು ಏನನ್ನೂ ಮರಳಿ ಕಳಿಸಲಿಲ್ಲ.

ಓಡಾಡಿ, ಆರಿಸಿ, ಭೂಮಿಗೆಂದೇ ಕಾಪಿಡುವ ರೋವರ್ ಮಂಗಳನ ಜೆಜೆರೊ ಕುಳಿಗೆ ಇಳಿದದ್ದು 2021ರ ಫೆಬ್ರುವರಿ 18ರಂದು. ಅದು ನಾಸಾದ ಪರ್ಸಿವಿಯರೆನ್ಸ್. ಮಾದರಿ ತುಂಬಲೆಂದು ರೋವರ್ ಹೊತ್ತದ್ದು 43 ಕೊಳವೆ. ಅವುಗಳಲ್ಲಿ ಐದು ಸಾಕ್ಷಿ ಕೊಳವೆಗಳು: ಭೂಮಿಯಿಂದಲೇ ಹೋದ ಕಲ್ಮಶವನ್ನು ಗುರುತಿಸಲು. ಆಗಸ್ಟ್‌ನ ಮೊದಲ ಕೊರೆತದಲ್ಲಿ ಕಲ್ಲು ಪುಡಿಯಾಗಿ ಕೊಳವೆಗೆ ಏನೂ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಗಟ್ಟಿ ಕಲ್ಲು ಆರಿಸಿದಾಗ ಕೆಲಸ ಕೈಗೂಡಿತು.

ಕಾಪಿಡುವ ಯೋಜನೆ ಇನ್ನೂ ಸೂಕ್ಷ್ಮ. ಹಲವು ಕಲ್ಲುಗಳಿಂದ ಜೋಡಿ ಮಾದರಿ ತೆಗೆದರು: ಒಂದು ರೋವರಿನ ಹೊಟ್ಟೆಯಲ್ಲಿ, ಇನ್ನೊಂದು ನೆಲದ ಮೇಲೆ. ರೋವರ್ ಕೆಟ್ಟರೂ ಒಂದು ಉಳಿಯಲಿ ಎಂದು. 2022ರ ಡಿಸೆಂಬರ್‌ನಿಂದ ಜನವರಿ ಕೊನೆಯವರೆಗೆ ಥ್ರೀ ಫೋರ್ಕ್ಸ್ ಎಂಬ ಸಮತಟ್ಟು ಜಾಗದಲ್ಲಿ ಹತ್ತು ಕೊಳವೆಗಳನ್ನು 5ರಿಂದ 15 ಮೀಟರ್ ಅಂತರದಲ್ಲಿ ಅಂಕುಡೊಂಕಾಗಿ ಇಟ್ಟರು. ಎತ್ತಿಕೊಳ್ಳಲು ಬರುವ ಯಂತ್ರಕ್ಕೆ ಓಡಾಡಲು ಜಾಗ ಬೇಕು, ಧೂಳು ಮುಚ್ಚಿದರೂ ಸಿಗಬೇಕು. ಹಾಗಾಗಿ ಪ್ರತಿಯೊಂದರ ಸ್ಥಾನವೂ ದಾಖಲಾಗಿದೆ.

2024ರ ಜುಲೈನಲ್ಲಿ ಚೆಯಾವಾ ಫಾಲ್ಸ್ ಎಂಬ ಬಂಡೆಯಿಂದ ತೆಗೆದ ಮಾದರಿಯಲ್ಲಿ ಪ್ರಾಚೀನ ಸೂಕ್ಷ್ಮಜೀವಿಗಳ ಸುಳಿವಿರಬಹುದು ಎಂಬ ಆಸೆಯಿದೆ. ಖಚಿತಪಡಿಸಲು ಭೂಮಿಯ ಪ್ರಯೋಗಾಲಯವೇ ಬೇಕು. ಆದರೆ ತರುವ ಖರ್ಚು 1,100 ಕೋಟಿ ಡಾಲರ್ ಮುಟ್ಟುವ ಅಂದಾಜು ಬಂದ ಮೇಲೆ ನಾಸಾ ಹಳೆಯ ಯೋಜನೆಯನ್ನೇ ಮರುಚಿಂತಿಸಬೇಕಾಯಿತು.

ನಮ್ಮ ಇಸ್ರೋ? 2023ರಲ್ಲಿ 26 ಕಿಲೋ ತೂಕದ ಪ್ರಜ್ಞಾನ್ ರೋವರ್ ಚಂದ್ರನ ನೆಲದಲ್ಲಿ ಗಂಧಕವನ್ನು ಸ್ಥಳದಲ್ಲೇ ಪತ್ತೆ ಹಚ್ಚಿತು. ಅದನ್ನು ಹೊತ್ತೊಯ್ದ ಲ್ಯಾಂಡರ್ ವಿಕ್ರಮ್, ಮುಂದೆ ಚಂದ್ರನಿಂದ ಮರಳುವ ಯಾನಗಳಿಗೆ ಅಭ್ಯಾಸವೆಂಬಂತೆ, ಸುಮಾರು 40 ಸೆಂಟಿಮೀಟರ್ ಎದ್ದು ಮತ್ತೆ ಇಳಿಯಿತು. 2024ರ ಸೆಪ್ಟೆಂಬರ್‌ನಲ್ಲಿ ₹2,104.06 ಕೋಟಿಯ ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅದು ಮಾದರಿ ತರುವ ಯಾನ. ಅದಕ್ಕೆ ಬೇಕಾದ, ಬಾಹ್ಯಾಕಾಶದಲ್ಲಿ ನೌಕೆಗಳನ್ನು ಜೋಡಿಸುವ ಕಲೆಯನ್ನು 2025ರ ಜನವರಿಯಲ್ಲಿ ಇಸ್ರೋದ ಸ್ಪೇಡೆಕ್ಸ್ ಯಾನ ಪರೀಕ್ಷಿಸಿತು.

ರಾಕೆಟ್ಟಿನ ಬಲ ಒಂದು ಕಡೆ. ಎಲ್ಲಿಂದ ತೆಗೆದೆವು, ಹೇಗೆ ಕಾಪಿಟ್ಟೆವು ಎಂಬ ಲೆಕ್ಕ ಇನ್ನೊಂದು ಕಡೆ. ಆ ಲೆಕ್ಕ ತಪ್ಪಿದರೆ ಕೋಟಿ ಖರ್ಚಿನಲ್ಲಿ ತಂದದ್ದೂ ಬರೀ ಕಲ್ಲು.