ಆರೋ ಒಂಬತ್ತೋ? ಚೆಂದದ ಫಾಂಟ್ ತಂದ ಫಜೀತಿ

ಇವತ್ತು ಫಾಂಟ್ ಬಗ್ಗೆ ಮಾತಾಡ್ತೀನಿ. ಹೆಡ್‌ಫೋನ್ ತೆಗೀಬೇಡಿ, ಮದುವೆ ಕಥೆಯೂ ಇದೆ.

ನಮ್ಮೂರು ಯಲ್ದೂರು, ಶ್ರೀನಿವಾಸಪುರ ತಾಲ್ಲೂಕು. ಅಕ್ಕನ ಮದುವೆ ಪತ್ರಿಕೆ ನಾನೇ ಮಾಡ್ತೀನಿ ಅಂತ ಹಠ ಹಿಡಿದು, ಫೋನಲ್ಲೇ ಮಾಡಿದೆ. ಮೆರೂನ್ ಬಣ್ಣದ ಮೇಲೆ ಚಿನ್ನದ ಬಣ್ಣದ ಅಕ್ಷರ. ಫಾಂಟ್ ಅಂತೂ ಎಷ್ಟು ಚೆಂದ ಅಂದ್ರೆ, ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆಯಷ್ಟು ಸಣ್ಣ. ಅಂಕಿಗಳನ್ನೂ ಕನ್ನಡದಲ್ಲೇ ಹಾಕಿದ್ದೆ. ಧಾರೆ ಬೆಳಗ್ಗೆ ೬ ಗಂಟೆಗೆ.

ಮಾಲೂರಿನಿಂದ ನಮ್ಮ ದೊಡ್ಡಪ್ಪ ಬಂದಾಗ ಎಂಟೂವರೆ. ಚಪ್ಪರದಲ್ಲಿ ಜನ ತಿಂಡಿ ತಿಂತಾ ಇದ್ರು. ಅವರು ಸೀಮೆಹಸು ಕಟ್ಟಿರೋರು, ಹಿಂದಿನ ರಾತ್ರಿ ಬಂದು ಉಳಿಯೋಕಾಗಲ್ಲ. ಡೈರಿಗೆ ಹಾಲು ಹಾಕಿ ಹೊರಟರೆ ಒಂಬತ್ತರ ಧಾರೆಗೆ ಆರಾಮಾಗಿ ಸೇರಬಹುದು ಅಂತ ಲೆಕ್ಕ ಹಾಕಿದ್ರು. ಆರು ಅಂತ ಗೊತ್ತಿದ್ರೆ ಹಾಲು ಕರೆಯೋಕೆ ಯಾರಿಗಾದ್ರೂ ಹೇಳಿ ಬರ್ತಿದ್ರು. ಅಕ್ಕನನ್ನ ಹೆಗಲ ಮೇಲೆ ಹೊತ್ತು ತಿರುಗಿದ ಮನುಷ್ಯ ಅದು. ಬೈಯಲಿಲ್ಲ. ಫೋನ್ ತೆಗೆದು ತೋರಿಸಿದ್ರು, "ನೋಡೋ, ಒಂಬತ್ತು ಅಂತ ತಾನೇ ಹಾಕಿರೋದು?"

ನೋಡಿದೆ. ನನಗೂ ಒಂಬತ್ತು ಅಂತಾನೇ ಕಾಣ್ತು.

ಕನ್ನಡದ ೬ಕ್ಕೂ ೯ಕ್ಕೂ ಇರೋ ವ್ಯತ್ಯಾಸ ಕೊನೆಯ ಬಾಲ ಎತ್ತ ತಿರುಗುತ್ತೆ ಅನ್ನೋದರಲ್ಲಿ. ಆ ಫಾಂಟಲ್ಲಿ ಬಾಲವೇ ಕೂದಲೆಳೆ. ವಾಟ್ಸಾಪ್ ಚಿತ್ರವನ್ನ ಕುಗ್ಗಿಸಿ ಕಳಿಸುತ್ತೆ, ಫೋನ್ ಹಳೇದು, ನೋಡೋ ಕಣ್ಣೂ ಹಳೇದು. ಬಾಲ ಮಾಯ.

ಆಮೇಲೆ ಇದರ ಹಿಂದೆ ಬಿದ್ದೆ. ಇಂಗ್ಲಿಷ್ ಅಕ್ಷರಗಳ ತುದಿಯಲ್ಲಿ ಪುಟ್ಟ ಪಾದದ ಥರ ಇರುತ್ತಲ್ಲ, ಅದು ಸೆರಿಫ್. ಅದಿಲ್ಲದಿದ್ರೆ ಸ್ಯಾನ್ಸ್ ಸೆರಿಫ್. ಸಾಮಾನ್ಯವಾಗಿ ಸ್ಯಾನ್ಸ್ ಅಂದ್ರೆ ಗೆರೆಯ ದಪ್ಪ ಹೆಚ್ಚುಕಮ್ಮಿ ಒಂದೇ ಸಮ. ಆದ್ರೆ ಪಾದವೂ ಬೇಡ, ದಪ್ಪ-ಸಣ್ಣದ ಸೊಗಸೂ ಬೇಕು ಅನ್ನೋ ಜಾತಿ ಒಂದಿದೆ. ಅದರಲ್ಲಿ ಹೆಸರುವಾಸಿ ಆಪ್ಟಿಮಾ. ಜರ್ಮನಿಯ ಹರ್ಮನ್ ಝಾಫ್ 1950ರಲ್ಲಿ ಫ್ಲಾರೆನ್ಸ್‌ನ ಸಾಂತಾ ಕ್ರೋಚೆ ಚರ್ಚಿಗೆ ಹೋಗಿದ್ದಾಗ, ನೆಲದ ಸಮಾಧಿ ಕಲ್ಲುಗಳ ಮೇಲಿನ ಅಕ್ಷರ ನೋಡಿ ಮರುಳಾದ್ರು. ಕೈಯಲ್ಲಿ ಹಾಳೆ ಇಲ್ಲ. ಜೇಬಲ್ಲಿದ್ದ 1000 ಲಿರಾ ನೋಟಿನ ಮೇಲೇ ಗೀಚಿಕೊಂಡ್ರು. ಫಾಂಟ್ ಹೊರಬಂದಿದ್ದು 1958ರಲ್ಲಿ. ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧ ಸ್ಮಾರಕದ ಕಪ್ಪು ಗೋಡೆ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳನ್ನ ಕೆತ್ತಿರೋದು ಇದೇ ಅಕ್ಷರದಲ್ಲಿ. ಅದರಲ್ಲೂ ದಪ್ಪ-ಸಣ್ಣ ಇದೆ, ಆದ್ರೆ ಸಣ್ಣ ಗೆರೆ ಕಣ್ಮರೆ ಆಗುವಷ್ಟು ಸಣ್ಣ ಅಲ್ಲ.

ಈಗ ಕನ್ನಡಕ್ಕೆ ಬನ್ನಿ. ನಮ್ಮಕ್ಷರಕ್ಕೆ ಪಾದವೇ ಇಲ್ಲವಲ್ಲ? ಹಾಗಾದ್ರೆ ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಅಂತ ಎರಡು ಯಾಕೆ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮುಖ್ಯವಾಗಿ ಕಾಣೋದು ಗೆರೆಯ ದಪ್ಪದ ಏರಿಳಿತ. ತಲೆಕಟ್ಟು ಸೆರಿಫ್ ಅಲ್ವಾ ಅಂತ ಒಬ್ಬ ಸ್ನೇಹಿತ ಕೇಳಿದ. ಅಲ್ಲ. ತಲೆಕಟ್ಟು ಅಲಂಕಾರ ಅಲ್ಲ, ಅದಕ್ಕೆ ಕೆಲಸ ಇದೆ. ಗ ಬರೆದಾಗ ತಲೆ ಮೇಲೆ ಇರುತ್ತೆ, ಗಿ ಅಂದಾಗ ಅದರ ಜಾಗಕ್ಕೆ ಗುಡಿಸು ಬರುತ್ತೆ. ನಮ್ಮ ಕಡೆಯೋರಿಗೆ ಇದು ಚೆನ್ನಾಗಿ ಗೊತ್ತು. ಆಂಧ್ರದ ಗಡಿ ಪಕ್ಕದಲ್ಲೇ, ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಎಷ್ಟೋ ಅಕ್ಷರಗಳಲ್ಲಿ ತೆಲುಗಿಗೂ ಕನ್ನಡಕ್ಕೂ ದೊಡ್ಡ ವ್ಯತ್ಯಾಸ ಅಂದ್ರೆ ತಲೆಕಟ್ಟಿನ ಆಕಾರವೇ.

ಇನ್ನೊಂದು ವಿಷಯ. ನಮ್ಮಲ್ಲಿ ಅರ್ಥ ಕೂತಿರೋದೇ ಸಣ್ಣಸಣ್ಣ ಗೆರೆಗಳಲ್ಲಿ. ದಕ್ಕೆ ಕೆಳಗೊಂದು ಸೀಳು ಕೊಟ್ರೆ ಧ. ದನ ಹೋಗಿ ಧನ ಆಯ್ತು. ಪದ ಹೊಟ್ಟೆಯೊಳಗೆ ಒಂದು ಗೆರೆ ಎಳೆದ್ರೆ ಷ. ಒತ್ತಕ್ಷರದ ಕಥೆ ಇನ್ನೂ ಕಷ್ಟ. 'ರಾಷ್ಟ್ರ' ಅಂತ ಬರೆದ್ರೆ ಟ, ರ ಎರಡೂ ಕೆಳಗೆ ಚಿಕ್ಕದಾಗಿ ಕೂರಬೇಕು. ದೊಡ್ಡ ಅಕ್ಷರವನ್ನ ಬರೀ ಕುಗ್ಗಿಸಿ ಇಟ್ರೆ ಅದರ ಗೆರೆಯೂ ಕುಗ್ಗಿ ಹೋಗುತ್ತೆ. ಅದಕ್ಕೆ ಒಳ್ಳೆ ವಿನ್ಯಾಸಕಾರರು ಒತ್ತುಗಳನ್ನ ಬೇರೆಯಾಗೇ ಬರೆದು, ಗೆರೆಗೆ ಸ್ವಲ್ಪ ಮೈ ತುಂಬ್ತಾರೆ. ಈ ಕೆಲಸ ಆಗಿದೆಯಾ ಇಲ್ವಾ ಅನ್ನೋದು ಫಾಂಟಿನ ಹೆಸರು ನೋಡಿದ್ರೆ ಗೊತ್ತಾಗಲ್ಲ, ಒತ್ತು ಟೈಪ್ ಮಾಡಿ ನೋಡ್ಬೇಕು.

ಹಾಗಂತ ದಪ್ಪ-ಸಣ್ಣದ ಫಾಂಟ್ ಬಳಸಲೇಬೇಡಿ ಅಂತಿಲ್ಲ. ವಧೂವರರ ಹೆಸರು, ಪುಸ್ತಕದ ಮುಖಪುಟ, ಪೋಸ್ಟರ್ ತಲೆಬರಹ, ಎಲ್ಲಿ ಅಕ್ಷರ ದೊಡ್ಡದಾಗಿರುತ್ತೋ ಅಲ್ಲಿ ಅದರ ಚೆಲುವೇ ಬೇರೆ. ದಿನಾಂಕ, ಸಮಯ, ಸ್ಥಳಕ್ಕೆ ಮಾತ್ರ ಅನೇಕ್ ಕನ್ನಡದಂಥ ಸಮ ಗೆರೆಯ ಫಾಂಟ್ ಹಾಕಿ. ಉಚಿತವಾಗೇ ಸಿಗುತ್ತೆ. ಕಳಿಸೋ ಮುಂಚೆ ೬, ೯, ದ, ಧ, ಪ, ಷ ಇಷ್ಟನ್ನ ಅದೇ ಅಳತೆಯಲ್ಲಿ ಬರೆದು, ಚಿತ್ರ ಮಾಡಿ, ಮನೆಯ ಹಿರಿಯರ ಫೋನಿಗೆ ಕಳಿಸಿ. ಝೂಮ್ ಮಾಡದೆ ಓದೋಕೆ ಹೇಳಿ.

ಹೋದ ತಿಂಗಳು ಅಕ್ಕನ ಮಗುವಿನ ನಾಮಕರಣ. ಪತ್ರಿಕೆ ಮೊದಲು ಹೋಗಿದ್ದು ಮಾಲೂರಿಗೆ. ಐದೇ ನಿಮಿಷಕ್ಕೆ ದೊಡ್ಡಪ್ಪನ ಫೋನ್. "ಹತ್ತೂವರೆ ಅಂತ ಕಾಣುತ್ತೆ ಕಣೋ. ಆದ್ರೂ ನಾನು ಎಂಟಕ್ಕೇ ಬರ್ತೀನಿ."