ಹೂಂಗುಟ್ಟುವವರು ಬೇಕು

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯಾಗಿ ಆಡಿದ ಮಾತು)



ನಮ್ಮಜ್ಜಿ ‘ಒಂದೂರಲ್ಲಿ ಒಬ್ಬ ರಾಜ’ ಎಂದರೆ ನಾವು ‘ಹೂಂ’ ಅನ್ನಲೇಬೇಕಿತ್ತು. ಹೂಂಗುಟ್ಟದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಮುಗಿಸುವಾಗ ‘ಅವರು ಅಲ್ಲಿ, ನಾವು ಇಲ್ಲಿ’ ಎನ್ನುತ್ತಿದ್ದಳು.

ಎಲ್ಲ ಕಡೆಯೂ ಹೀಗೆಯೇ ಎಂದುಕೊಂಡಿದ್ದೆ. ಮುಂದೆ ಓದುವಾಗ ತಿಳಿಯಿತು, ಒಂದೊಂದು ನಾಡಿನ ರೂಢಿ ಒಂದೊಂದು. ಜಪಾನಿನವರು ‘ಮುಕಾಶಿ ಮುಕಾಶಿ’, ಅಂದರೆ ಬಹಳ ಹಿಂದೆ, ಎಂದು ತೊಡಗಿ, ‘ಮೆದೆತಾಶಿ ಮೆದೆತಾಶಿ’ ಎಂದು ಶುಭ ನುಡಿದು ಮುಗಿಸುತ್ತಾರೆ. ಹೈಟಿ ದೇಶದಲ್ಲಿ ಕತೆಗಾರ ಮೊದಲು ‘ಕ್ರಿಕ್?’ ಎಂದು ಕೇಳುತ್ತಾನೆ. ಕೂತವರು ‘ಕ್ರಾಕ್!’ ಎಂದು ಕೂಗಿದ ಮೇಲೆಯೇ ಕತೆ. ನಮ್ಮ ಕತೆ ಊರಿನಿಂದ ಶುರು, ಜಪಾನಿನದು ಕಾಲದಿಂದ, ಹೈಟಿಯದು ಕೇಳುವವರ ಒಪ್ಪಿಗೆಯಿಂದ. ಆ ಒಪ್ಪಿಗೆಯನ್ನು ನಾವು ಕತೆಯುದ್ದಕ್ಕೂ ಕೊಡುತ್ತೇವೆ, ಅಷ್ಟೇ ವ್ಯತ್ಯಾಸ.

ಈ ಶಾಲೆಗೆ ಸೇರಿದ ವರ್ಷ, ದೊಡ್ಡವನಾದೆನೆಂಬ ಜಂಬಕ್ಕೆ, ನಾನು ಹೂಂಗುಟ್ಟುವುದನ್ನು ಬಿಟ್ಟೆ. ಒಂದು ರಾತ್ರಿ ಅಜ್ಜಿ ‘ನಿದ್ದೆ ಬಂತೇನೋ ಮಗಾ?’ ಎಂದು ಕೇಳಿದಳು. ನಾನು ಮಾತಾಡಲಿಲ್ಲ. ಅವಳೂ ಸುಮ್ಮನಾದಳು. ಆ ಕತೆಯ ಉಳಿದರ್ಧ ನನಗೆ ಇಂದಿಗೂ ಗೊತ್ತಿಲ್ಲ. ಕೇಳೋಣವೆಂದರೆ ಅಜ್ಜಿ ಇಲ್ಲ.

ಮಕ್ಕಳೇ, ಇವತ್ತು ರಾತ್ರಿ ಮನೆಯ ಹಿರಿಯರ ಹತ್ತಿರ ಕೂತು ಒಂದು ಕತೆ ಕೇಳಿ. ಹೂಂಗುಟ್ಟಲು ಮರೆಯಬೇಡಿ.